ಬೈಂಡಿಂಗಿಗೆ ಹೋದ ಪುಸ್ತಕ

ಸಂಸಾರದಲ್ಲಿ ಹೇಳಿದ ಸಣ್ಣಪುಟ್ಟ ಸುಳ್ಳುಗಳ ಲೆಕ್ಕವನ್ನು ಯಾವ ಹೆಂಗಸೂ ಇಟ್ಟುಕೊಳ್ಳುವುದಿಲ್ಲ. ಮಕ್ಕಳಿಗೆ ಔಷಧಿ ಕುಡಿಸುವಾಗ, ತವರಿಗೆ ಹೊರಡುವಾಗ, ಸೀರೆಯ ಬೆಲೆ ಹೇಳುವಾಗ ನಾನೂ ಹೇಳಿದ್ದೇನೆ. ಅವೆಲ್ಲ ಮರೆತೂ ಹೋಗಿವೆ. ಆದರೆ 1984ರ ಒಂದು ಗುರುವಾರ ಸಂಜೆ, ಒಂದು ಹುಡುಗಿಗೆ ಹೇಳಿದ ಒಂದು ಸುಳ್ಳು ಮಾತ್ರ ಮುಳ್ಳಿನಂತೆ ಇಷ್ಟು ವರ್ಷ ಒಳಗೇ ಉಳಿದಿದೆ. "ಆ ಪುಸ್ತಕ ಬೈಂಡಿಂಗಿಗೆ ಹೋಗಿದೆ ಕಣಮ್ಮ" ಎಂದಿದ್ದೆ.

ಆಗ ನಾನು ನಮ್ಮ ತಾಲ್ಲೂಕು ಊರಿನ ಮಹಿಳಾ ಸಮಾಜದ ಕಾರ್ಯದರ್ಶಿ. ಸಮಾಜವೆಂದರೆ ದೊಡ್ಡದೇನಲ್ಲ. ಒಂದು ಹೆಂಚಿನ ಮನೆ, ಎರಡು ಹೊಲಿಗೆ ಯಂತ್ರ, ಗೋಡೆಗೊರಗಿಸಿಟ್ಟ ಜಮಖಾನೆ, ಮೂಲೆಯಲ್ಲೊಂದು ಕಬ್ಬಿಣದ ಬೀರು. ಆ ಬೀರುವೇ ನಮ್ಮ ಪುಸ್ತಕ ಭಂಡಾರ. ನಾನೂರರಷ್ಟು ಪುಸ್ತಕ. ಹತ್ತು ರೂಪಾಯಿ ಠೇವಣಿ, ತಿಂಗಳಿಗೆ ಒಂದು ರೂಪಾಯಿ. ಗುರುವಾರ ಮತ್ತು ಶನಿವಾರ ಸಂಜೆ ನಾಲ್ಕಕ್ಕೆ ನಾನು ಬೀಗದ ಕೈ ಸೆರಗಿಗೆ ಕಟ್ಟಿಕೊಂಡು ಹೋಗಿ ಬಾಗಿಲು ತೆರೆದರೆ ಐದೂವರೆಯವರೆಗೆ ಪುಸ್ತಕದ ವ್ಯಾಪಾರ. ಊರಿನಲ್ಲಿ ಸರ್ಕಾರದ ವಾಚನಾಲಯವೂ ಇತ್ತು. ಆದರೆ ಅಲ್ಲಿ ಬೆಂಚುಗಳ ಮೇಲೆಲ್ಲ ಗಂಡಸರು ಪತ್ರಿಕೆ ಹರಡಿಕೊಂಡು ಕೂತಿರುತ್ತಿದ್ದರು. ಆ ಮೆಟ್ಟಿಲು ಹತ್ತುವ ಧೈರ್ಯ ನಮ್ಮ ಕಾಲದ ಸೊಸೆಯಂದಿರಿಗೆ ಎಲ್ಲಿಂದ ಬರಬೇಕು? ಹಾಗಾಗಿ ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಎಲ್ಲರೂ ನಮ್ಮ ಊರಿನ ಹೆಂಗಸರಿಗೆ ದೊರೆಯುತ್ತಿದ್ದುದು ಆ ಬೀರುವಿನಿಂದಲೇ.

ಆ ಹುಡುಗಿ ಎಣ್ಣೆ ಗಾಣದ ಓಣಿಯ ಮನೆಯೊಂದಕ್ಕೆ ಮದುವೆಯಾಗಿ ಬಂದವಳು. ಏಳನೇ ಕ್ಲಾಸು ಓದಿದ್ದಳು. ಸೊಪ್ಪು ತರುವ ನೆವದಲ್ಲಿ ಬರುವಳು. ಕೈಚೀಲದ ತಳದಲ್ಲಿ ಪುಸ್ತಕ, ಮೇಲೆ ದಂಟಿನ ಸೊಪ್ಪಿನ ಕಟ್ಟು. ಓದುವುದು ಹಿತ್ತಿಲಿನಲ್ಲಿ, ಎಲ್ಲರೂ ಮಲಗಿದ ಮಧ್ಯಾಹ್ನದ ಹೊತ್ತಿನಲ್ಲಿ. ಹದಿನೈದು ದಿನದ ಗಡುವಿನಲ್ಲಿ ಅವಳಿಗೆ ಅರ್ಧ ಪುಸ್ತಕ ಮುಗಿದರೆ ಹೆಚ್ಚು. ಹಾಗಾಗಿ ಒಮ್ಮೆ ಹಿಂತಿರುಗಿಸಿ ಮುಂದಿನ ವಾರ ಅದನ್ನೇ ಮತ್ತೆ ಪಡೆಯುವುದು ಅವಳ ವಾಡಿಕೆ. ಒಂದು ಕಾದಂಬರಿಯನ್ನು ಅವಳು ಹಾಗೆ ಅರ್ಧಕ್ಕೆ ಹಿಂತಿರುಗಿಸಿದ ವಾರವೇ ನಮ್ಮ ಟೀಚರಮ್ಮ ಅದನ್ನು ತೆಗೆದುಕೊಂಡು ಹೋದರು.

ಟೀಚರಮ್ಮನ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಅವರು ಕೆಟ್ಟವರಲ್ಲ. ಊರಿನ ಅರ್ಧಕ್ಕರ್ಧ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದವರು. "ಹುಡುಗೀನ ಶಾಲೆ ಬಿಡಿಸಬೇಡಿ" ಎಂದು ಮನೆಮನೆ ತಿರುಗಿ ತಂದೆತಾಯಿಯರ ಹತ್ತಿರ ಜಗಳವಾಡಿದವರು. ಆ ಬೀರು ಕೂಡ ಅವರು ಚಂದಾ ಎತ್ತಿ ತಂದದ್ದೇ. ಅಂಥವರು ಮುಂದಿನ ಸಭೆಗೆ ಆ ಕಾದಂಬರಿಯನ್ನು ಹಿಡಿದುಕೊಂಡು ಬಂದರು. ಒಂದು ಪುಟದ ಕಿವಿ ಮಡಿಸಿತ್ತು. "ನೋಡಮ್ಮ, ಇದನ್ನ ಓದಿ ನಮ್ಮ ಹುಡುಗೀರು ಏನು ಕಲೀಬೇಕು?" ಎಂದರು. ಪುಸ್ತಕ ಕೈಯಿಂದ ಕೈಗೆ ದಾಟಿತು. ಎಲ್ಲರೂ ಮಡಿಸಿದ ಆ ಪುಟವನ್ನಷ್ಟೇ ನೋಡಿದರು. ಏಳು ಜನ ಸದಸ್ಯೆಯರು, ಹತ್ತು ನಿಮಿಷದ ಚರ್ಚೆ. ನಡಾವಳಿ ಪುಸ್ತಕದಲ್ಲಿ "ಸದರಿ ಪುಸ್ತಕವನ್ನು ಹಿಂತೆಗೆದುಕೊಳ್ಳಲಾಯಿತು" ಎಂದು ಬರೆದು ಕೆಳಗೆ ರುಜು ಹಾಕಿದವಳು ನಾನೇ. ಪುಸ್ತಕವನ್ನು ನಾನೂ ಓದಿರಲಿಲ್ಲ.

ಮುಂದಿನ ಗುರುವಾರ ಹುಡುಗಿ ಬಂದಳು. ನಾನು ಬೈಂಡಿಂಗಿನ ಸುಳ್ಳು ಹೇಳಿದೆ. ಇನ್ನೊಂದು ವಾರ ಬಿಟ್ಟು ಮತ್ತೆ ಬಂದಳು. "ಅಕ್ಕಾ, ಇನ್ನೂ ಬೈಂಡಿಂಗ್ ಆಗಿಲ್ವಾ?" ಮೂರನೆಯ ಸಲ ಕೇಳಿದಾಗ ನನ್ನ ಮುಖ ನೋಡಿ ಅವಳಿಗೆ ಅರ್ಥವಾಯಿತೆಂದು ತೋರುತ್ತದೆ. ಬೇರೆ ಪುಸ್ತಕ ಕೊಡಲೇ ಎಂದೆ. ಬೇಡ ಎಂದಳು. ಆಮೇಲೆ ಬರುವುದನ್ನೇ ಬಿಟ್ಟಳು. ಒಂದೆರಡು ವರ್ಷಕ್ಕೆ ಅವರ ಮನೆಯವರು ಊರು ಬಿಟ್ಟು ಹೋದರಂತೆ. ಪುಸ್ತಕ ನನ್ನ ಮನೆಯ ಟ್ರಂಕಿನಲ್ಲಿ, ಹಳೆಯ ಸೀರೆಗಳ ಕೆಳಗೆ ಸೇರಿತು.

ಇದಾಗಿ ಹದಿನೈದು ವರ್ಷಗಳ ಮೇಲೆ, 1999ರಲ್ಲಿ, ನಾವು ನಾಲ್ಕು ಜನ ಹೆಂಗಸರು ತಂಜಾವೂರಿನ ಕಡೆ ಯಾತ್ರೆಗೆಂದು ಹೋಗಿದ್ದೆವು. ಕಾವೇರಿ ದಂಡೆಯ ತಿರುವೈಯ್ಯಾರಿಗೆ ಹೋಗದೆ ಬಂದರೆ ಸಂಗೀತ ಕಲಿತ ನನ್ನ ಗೆಳತಿಗೆ ಸಮಾಧಾನವಿರಲಿಲ್ಲ. ಆರಾಧನೆಯ ಜನಜಂಗುಳಿ ಇಲ್ಲದ ದಿನ ಅದು. ತ್ಯಾಗರಾಜರ ಸಮಾಧಿಗೆ ಕೈಮುಗಿದು ಹಿಂದಿರುಗಿದರೆ, ಆ ಸಮಾಧಿಯನ್ನೇ ನೋಡುತ್ತ ಕುಳಿತ ಒಬ್ಬ ಹೆಂಗಸಿನ ಕಲ್ಲಿನ ವಿಗ್ರಹ. "ಇವರು ಯಾರು?" ಎಂದೆ. "ಬೆಂಗಳೂರು ನಾಗರತ್ನಮ್ಮ. ಈ ಗುಡಿ ಕಟ್ಟಿಸಿದೋರೇ ಇವರು. ನಿಮ್ಮ ಕಡೆಯವರೇ ಕಣ್ರೀ, ನಂಜನಗೂಡಿನೋರು" ಎಂದಳು ಗೆಳತಿ.

ನಂಜನಗೂಡು! ನಮ್ಮ ಊರಿನಿಂದ ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಮನೆ ಸೇರಬಹುದಾದ ಜಾಗ. ಅಲ್ಲಿಂದ ಈ ಹೆಂಗಸು ಇಷ್ಟು ದೂರ ಬಂದು ಹೀಗೆ ಕುಳಿತಿದ್ದಾದರೂ ಹೇಗೆ? ಅವತ್ತಿನಿಂದ ಆಕೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಹಾಗೆ ಓದುತ್ತ ಹೋದಾಗ ಸಂಗೀತಕ್ಕೆ ಸಂಬಂಧವೇ ಇಲ್ಲದ ಒಂದು ಕತೆ ಎದುರಾಯಿತು. ಅದೊಂದು ಪುಸ್ತಕದ ಕತೆ.

ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ. ತಾಯಿ ಪುಟ್ಟಲಕ್ಷ್ಮಿ, ದೇವದಾಸಿ ಮನೆತನದವಳು. ತಂದೆ ವಕೀಲ, ಆದರೆ ತಾಯಿ ಮಗಳನ್ನು ಕೈಬಿಟ್ಟ. ಆಶ್ರಯಕ್ಕಾಗಿ ತಾಯಿ ಮೈಸೂರಿಗೆ ಬಂದು ಗಿರಿಭಟ್ಟರ ತಿಮ್ಮಯ್ಯ ಎಂಬ ವಿದ್ವಾಂಸರ ನೆರಳು ಸೇರಿದಳು. ಹುಡುಗಿ ಅಲ್ಲಿ ಸಂಸ್ಕೃತ ಕಲಿತಳು. ಆ ನೆರಳೂ ಉಳಿಯಲಿಲ್ಲ. ತಾಯಿ ಮಾತ್ರ ಹಟ ಬಿಡಲಿಲ್ಲ. ಸಂಗೀತ, ನೃತ್ಯ, ಕನ್ನಡ, ತೆಲುಗು, ಇಂಗ್ಲಿಷು ಎಲ್ಲವನ್ನೂ ಮಗಳಿಗೆ ಕಲಿಸಿದಳು. ಹದಿನೈದರ ಹರೆಯದ ಹೊತ್ತಿಗೆ ನಾಗರತ್ನಮ್ಮ ಸಭೆಯಲ್ಲಿ ಹಾಡುವ ಗಾಯಕಿ. ಬೆಂಗಳೂರಿನಲ್ಲಿ ಹೆಸರಾಗಿ, 1900ರ ಆಚೀಚಿನ ವರ್ಷಗಳಲ್ಲಿ ಮದರಾಸಿಗೆ ಹೋಗಿ ನೆಲೆಸಿದರು. ಕಚೇರಿಗಳಿಂದ, ಗ್ರಾಮಫೋನ್ ತಟ್ಟೆಗಳಿಂದ ಕೈತುಂಬ ಸಂಪಾದಿಸಿ, ಸರ್ಕಾರಕ್ಕೆ ಆದಾಯ ತೆರಿಗೆ ಕಟ್ಟುವಷ್ಟು ಸ್ವತಂತ್ರರಾದರು. ಅಡುಗೆಮನೆಯ ಡಬ್ಬಿಯಲ್ಲಿ ಚಿಲ್ಲರೆ ಕೂಡಿಟ್ಟುಕೊಳ್ಳುತ್ತಿದ್ದ ನಮ್ಮ ಅಜ್ಜಿಯರ ಕಾಲದ ಮಾತಿದು!

ಈ ಗಾಯಕಿಗೆ ಓದುವ ಹುಚ್ಚು. ತಂಜಾವೂರಿನ ಸಾಹಿತ್ಯದ ಬಗ್ಗೆ ಏನೋ ಓದುತ್ತಿದ್ದಾಗ ಮುದ್ದುಪಳನಿ ಎಂಬ ಕವಯಿತ್ರಿಯ 'ರಾಧಿಕಾ ಸಾಂತ್ವನಮು' ಎಂಬ ತೆಲುಗು ಕಾವ್ಯದ ಹೆಸರು ಕಣ್ಣಿಗೆ ಬಿತ್ತು. ಮುದ್ದುಪಳನಿ 18ನೇ ಶತಮಾನದವಳು. ತಂಜಾವೂರನ್ನು ಆಳಿದ ಮರಾಠ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಗಣಿಕೆ, ವಿದುಷಿ. ತಮಿಳಿನ ಆಂಡಾಳಳ ತಿರುಪ್ಪಾವೈಯನ್ನು ತೆಲುಗಿಗೆ ತಂದವಳು. ಕಾವ್ಯದ ಪೀಠಿಕೆಯಲ್ಲಿ ಕವಿಗಳು ತಮ್ಮ ವಂಶ ಹೇಳಿಕೊಳ್ಳುವುದು ವಾಡಿಕೆಯಷ್ಟೆ. ಮುದ್ದುಪಳನಿ ತನ್ನ ಅಜ್ಜಿ ತಂಜನಾಯಕಿಯಿಂದ ತನ್ನ ಪರಂಪರೆಯನ್ನು ಹೇಳಿಕೊಂಡಳು. ಅಜ್ಜಿಯ ವಿದ್ಯೆಯಿಂದ ತನ್ನ ಕವಿತ್ವ ಬಂತೆಂದು ಹೇಳಿದ ಮೊಮ್ಮಗಳು!

ಕಾವ್ಯದ ವಸ್ತು ಹೀಗಿದೆ. ರಾಧೆ ಇಳಾದೇವಿ ಎಂಬ ಹುಡುಗಿಯನ್ನು ತಾನೇ ಸಾಕಿ ಬೆಳೆಸಿ, ಬುದ್ಧಿ ಹೇಳಿ, ತಾನು ಪ್ರೀತಿಸುವ ಕೃಷ್ಣನಿಗೇ ಮದುವೆ ಮಾಡಿಕೊಡುತ್ತಾಳೆ. ಕೊಟ್ಟಮೇಲೆ ಸಂಕಟ ತಡೆಯಲಾರಳು. ಕೃಷ್ಣನ ಮೇಲೆ ಸಿಟ್ಟು, ತನ್ನ ಮೇಲೆಯೇ ಸಿಟ್ಟು. ಕೊನೆಗೆ ಕೃಷ್ಣ ಬಂದು ಅವಳನ್ನು ಸಮಾಧಾನಪಡಿಸಬೇಕಾಗುತ್ತದೆ. ಅದೇ ಸಾಂತ್ವನ. ಶೃಂಗಾರ ಕಾವ್ಯಗಳು ನಮ್ಮಲ್ಲಿ ಎಷ್ಟಿಲ್ಲ? ಆದರೆ ಅವುಗಳಲ್ಲಿ ಬಹಳಷ್ಟರಲ್ಲಿ ಹೆಣ್ಣನ್ನು ಬಣ್ಣಿಸುವವನು ಗಂಡು. ಇಲ್ಲಿ ತನಗೇನು ಬೇಕು ಎಂಬುದನ್ನು ಹೆಣ್ಣೇ ಬಾಯಿಬಿಟ್ಟು ಹೇಳುತ್ತಾಳೆ. ಹೇಳಿಸಿದವಳೂ ಹೆಣ್ಣೇ. ತಕರಾರಿನ ಬೇರು ಇರುವುದು ಇಲ್ಲಿ.

ನಾಗರತ್ನಮ್ಮ ಪುಸ್ತಕವನ್ನು ಹುಡುಕಿದರು. ಕಷ್ಟಪಟ್ಟು 1887ರಲ್ಲಿ ಅಚ್ಚಾಗಿದ್ದ ಒಂದು ಪ್ರತಿ ಕೈಗೆ ಬಂತು. ಆಮೇಲೆ ಪರಿಚಿತರೊಬ್ಬರು ಮೂಲದ ಹಸ್ತಪ್ರತಿಯನ್ನೂ ಕಳಿಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಚ್ಚಿನ ಪ್ರತಿಯಲ್ಲಿ ಪೀಠಿಕೆಯೇ ಇಲ್ಲ! ಅಜ್ಜಿ ಮೊಮ್ಮಗಳ ಪರಂಪರೆ ಇದ್ದ ಭಾಗವೇ ಮಾಯ. ಇನ್ನೂ ಕೆಲವು ಕಡೆ ಸಾಲುಗಳು ಬಿಟ್ಟುಹೋಗಿವೆ. ಮನೆಯ ಕೆಲಸವೆಲ್ಲ ಮಾಡಿದ ಸೊಸೆಯ ಹೆಸರನ್ನು ಲಗ್ನಪತ್ರಿಕೆಯಿಂದ ಬಿಟ್ಟಂತೆ, ಬರೆದವಳನ್ನೇ ಬಿಟ್ಟು ಪುಸ್ತಕ ಅಚ್ಚಾಗಿತ್ತು. ನಾಗರತ್ನಮ್ಮನಿಗೆ ಇದು ಸಹನೆಯಾಗಲಿಲ್ಲ. ರಸ ತುಂಬಿದ ಈ ಕಾವ್ಯವನ್ನು ಬರೆದವಳು ಒಬ್ಬ ಹೆಣ್ಣು, ಅದರಲ್ಲೂ ತಮ್ಮಂಥದೇ ಕುಲದಲ್ಲಿ ಹುಟ್ಟಿದವಳು, ಹಾಗಾಗಿ ಇದನ್ನು ಸರಿಯಾದ ರೂಪದಲ್ಲಿ ಹೊರತರುವುದು ತಮ್ಮ ಕೆಲಸ ಎಂದುಕೊಂಡರು. ಪೂರ್ತಿ ಕಾವ್ಯವನ್ನು ಪರಿಷ್ಕರಿಸಿ, ಮುನ್ನುಡಿ ಬರೆದರು. ಮದರಾಸಿನ ಹೆಸರಾಂತ ಪ್ರಕಾಶಕರಾದ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ 1910ರಲ್ಲಿ ಅದನ್ನು ಪ್ರಕಟಿಸಿತು.

ಗಲಾಟೆ ಶುರುವಾಯಿತು. ಯಾರಿಂದ ಎಂಬುದು ಮುಖ್ಯ. ಬ್ರಿಟಿಷ್ ಸರ್ಕಾರಕ್ಕೆ ತಾನಾಗಿ ತೆಲುಗು ಕಾವ್ಯ ಓದುವ ಗೊಡವೆ ಇರಲಿಲ್ಲ. ಮೊದಲ ಆಕ್ಷೇಪ ಬಂದದ್ದು ಒಳಗಿನಿಂದಲೇ, ಓದುಬರಹ ಬಲ್ಲ ನಮ್ಮವರಿಂದಲೇ. ಕಂದುಕೂರಿ ವೀರೇಶಲಿಂಗಂ ಅವರ ಹೆಸರು ನೀವು ಕೇಳಿರಬಹುದು. ಆಂಧ್ರದಲ್ಲಿ ವಿಧವಾ ವಿವಾಹಕ್ಕಾಗಿ ಎದೆಯೊಡ್ಡಿ ನಿಂತವರು, 1881ರಲ್ಲಿ ರಾಜಮಹೇಂದ್ರಿಯಲ್ಲಿ ಅಂಥ ಮೊದಲ ಮದುವೆ ಮಾಡಿಸಿದವರು, ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು. ಅಂಥ ಮಹನೀಯರೇ ತಮ್ಮ ತೆಲುಗು ಕವಿಚರಿತ್ರೆಯಲ್ಲಿ ಮುದ್ದುಪಳನಿಯ ವಿದ್ವತ್ತನ್ನು ಒಪ್ಪಿಕೊಂಡೂ, ಕಾವ್ಯದ ಭಾಗಗಳು ಹೆಂಗಸಿನ ಕಿವಿಗೆ ಬೀಳಬಾರದಂಥವು, ಬಾಯಿಂದ ಬರುವುದಂತೂ ದೂರ ಎಂಬ ಅರ್ಥದಲ್ಲಿ ಬರೆದಿದ್ದರು. ಪತ್ರಿಕೆಯೊಂದು ಬರೆದವಳ ಮತ್ತು ಅಚ್ಚು ಹಾಕಿಸಿದವಳ ಕುಲವನ್ನು ಎತ್ತಿ ಆಡಿತು.

ನನಗೆ ಇದನ್ನು ಓದುವಾಗ ಟೀಚರಮ್ಮನ ಮುಖವೇ ಕಣ್ಣಮುಂದೆ ಬಂತು. ನಮಗೆ ಅಕ್ಷರ ಕಲಿಸಿದವರೇ, ಆ ಅಕ್ಷರದಿಂದ ನಾವು ಏನನ್ನು ಓದಬೇಕು ಎಂಬುದನ್ನೂ ತಾವೇ ತೀರ್ಮಾನಿಸಬೇಕೆಂದು ಬಯಸುತ್ತಾರೆ. ಕೆಡುಕಿನಿಂದಲ್ಲ, ಅಕ್ಕರೆಯಿಂದಲೇ. ಅದಕ್ಕೇ ಅದನ್ನು ಎದುರಿಸುವುದು ಕಷ್ಟ. ಕೆಟ್ಟವರಾದರೆ ಜಗಳವಾಡಬಹುದಿತ್ತು.

ನಾಗರತ್ನಮ್ಮ ಜಗಳವಾಡಿದರು. ಆಕೆ ಕೇಳಿದ ಪ್ರಶ್ನೆ ಇಷ್ಟೇ: ನಾಚಿಕೆ, ಮರ್ಯಾದೆ ಎನ್ನುವುದು ಹೆಂಗಸರಿಗೆ ಮಾತ್ರವೇ, ಗಂಡಸರಿಗೆ ಇಲ್ಲವೇ? ಇದಕ್ಕಿಂತ ಬಿಚ್ಚಾಗಿ ಬರೆದ ಗಂಡಸರ ಕಾವ್ಯಗಳನ್ನು ಪಂಡಿತರು ಪಾಠ ಹೇಳುತ್ತಾರೆ. ವೀರೇಶಲಿಂಗಂ ಅವರೇ ನೋಡಿ ಒಪ್ಪಿದ 'ವೈಜಯಂತೀ ವಿಲಾಸ'ದಲ್ಲಿ ಇಂಥದೇನೂ ಇಲ್ಲವೇ? ಅಲ್ಲಿ ಕಾಣದ ದೋಷ ಇಲ್ಲಿ ಮಾತ್ರ ಕಾಣುವುದೇಕೆ? ಕುಲದ ಹೆಸರು ಹೇಳಿ ಬಾಯಿ ಮುಚ್ಚಿಸಲು ಹೊರಟವರಿಗೆ ಆ ಕುಲದವಳೇ, ಶಾಸ್ತ್ರ ಓದಿದವಳೇ, ಅಚ್ಚಿನಲ್ಲಿ ಕೊಟ್ಟ ಉತ್ತರವಿದು.

ಆದರೆ 1911ರಲ್ಲಿ ಸರ್ಕಾರ ಕೈ ಹಾಕಿತು. ಸರ್ಕಾರದ ತೆಲುಗು ಭಾಷಾಂತರಕಾರರು ಆಕ್ಷೇಪಣೆಯ ಪದ್ಯಗಳನ್ನು ಇಂಗ್ಲಿಷಿಗೆ ತಂದುಕೊಟ್ಟರು. ನೂರಾರು ಪದ್ಯಗಳ ಕಾವ್ಯದಲ್ಲಿ ಆರಿಸಿ ತೆಗೆದ ಕೆಲವು ಪದ್ಯ! ನಮ್ಮ ಸಭೆಯಲ್ಲಿ ಕಿವಿ ಮಡಿಸಿದ ಪುಟ ಕೈಯಿಂದ ಕೈಗೆ ಹೋದಂತೆಯೇ ಅಲ್ಲವೇ ಇದು? ಪೊಲೀಸರು ವಾವಿಳ್ಳ ಅಂಗಡಿಯಲ್ಲಿದ್ದ ಪ್ರತಿಗಳನ್ನು ವಶಪಡಿಸಿಕೊಂಡರು. ಆ ಸಂಸ್ಥೆಯ ಬೇರೆ ಕೆಲವು ಹಳೆಯ ಕಾವ್ಯಗಳ ಮೇಲೂ ಇದೇ ಕಣ್ಣು ಬಿತ್ತು. ಆಗ ಪಂಡಿತರಿಗೆ ಎಚ್ಚರವಾಯಿತು. ಹೀಗೆ ಬಿಟ್ಟರೆ ತೆಲುಗಿನ ಪ್ರಾಚೀನ ಕಾವ್ಯಗಳೇ ಉಳಿಯುವುದಿಲ್ಲ ಎಂದು ವಿದ್ವಾಂಸರು ಸೇರಿ ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಪ್ರಕಾಶಕರಾದ ವೆಂಕಟೇಶ್ವರ ಶಾಸ್ತ್ರುಲು ಹೋರಾಡಿದರು. ಸರ್ಕಾರ ಜಗ್ಗಲಿಲ್ಲ.

ಅಕ್ಕಪಕ್ಕದ ಮನೆಯ ಒಂದು ಪುಸ್ತಕವನ್ನು ಸುಡಲು ಹಚ್ಚಿದ ಬೆಂಕಿ ಅಲ್ಲಿಗೇ ನಿಲ್ಲುವುದಿಲ್ಲ ಎಂಬುದು ಅವರಿಗೆ ತಡವಾಗಿ ತಿಳಿಯಿತು. ಗಣಿಕೆಯ ಕಾವ್ಯವಷ್ಟೇ ಹೋಗುತ್ತದೆಂದು ಸುಮ್ಮನಿದ್ದವರ ಕಪಾಟಿಗೂ ಪೊಲೀಸರು ಬರಬಹುದಿತ್ತು.

ನಾಗರತ್ನಮ್ಮನ ಉಳಿದ ಬದುಕು ತ್ಯಾಗರಾಜರಿಗೆ ಮೀಸಲಾಯಿತು. ತಿರುವೈಯ್ಯಾರಿನಲ್ಲಿ ಪಾಳುಬಿದ್ದಿದ್ದ ಸಮಾಧಿಯ ಜಾಗವನ್ನು ಪಡೆದು, ತಮ್ಮ ಸಂಪಾದನೆಯೆಲ್ಲ ಸುರಿದು ಗುಡಿ ಕಟ್ಟಿಸಿದರು. 1926ರಲ್ಲಿ ಅದರ ಪ್ರತಿಷ್ಠೆಯಾಯಿತು. ಆದರೆ ಆರಾಧನೆಯಲ್ಲಿ ಹೆಂಗಸರು ಹಾಡುವಂತಿಲ್ಲ! ಗುಡಿ ಕಟ್ಟಿಸಿದವಳಿಗೇ ಅಲ್ಲಿ ಹಾಡುವ ಹಕ್ಕಿಲ್ಲ. ಆಕೆ ಅಳುತ್ತ ಕೂರಲಿಲ್ಲ. ಹೆಂಗಸರದೇ ಒಂದು ಗುಂಪು ಕಟ್ಟಿ, ಸಮಾಧಿಯ ಹಿಂಭಾಗದಲ್ಲಿ ಕೂತು ಹಾಡಿಸಿದರು. ವರ್ಷಗಳ ಮೇಲೆ ಗುಂಪುಗಳೆಲ್ಲ ಒಂದಾದವು. ಇಂದು ಪಂಚರತ್ನ ಕೃತಿಗಳನ್ನು ಹಾಡುವಾಗ ಸಾಲುಸಾಲು ಹೆಂಗಸರು ಕೂತಿರುವುದನ್ನು ದೂರದರ್ಶನದಲ್ಲಿ ನೋಡುತ್ತೇವಲ್ಲ, ಅದರ ಹಿಂದೆ ಈ ಜಗಳವಿದೆ.

ಮತ್ತೆ ಪುಸ್ತಕಕ್ಕೆ ಬರುತ್ತೇನೆ. 1947ರಲ್ಲಿ, ಟಂಗುಟೂರಿ ಪ್ರಕಾಶಂ ಅವರು ಮದರಾಸು ಪ್ರಾಂತ್ಯದ ಆಡಳಿತ ನಡೆಸುತ್ತಿದ್ದ ಕಾಲದಲ್ಲಿ, ಆ ನಿಷೇಧ ತೆರವಾಯಿತು. ಲೆಕ್ಕ ಹಾಕಿ ನೋಡಿ. ಮೂವತ್ತಾರು ವರ್ಷ! ಪೊಲೀಸರು ಬಂದಾಗ ನಾಗರತ್ನಮ್ಮನಿಗೆ ಮೂವತ್ತಮೂರು. ನಿಷೇಧ ಹೋದಾಗ ಎಪ್ಪತ್ತರ ಹತ್ತಿರ. 1952ರಲ್ಲಿ ವಾವಿಳ್ಳದವರು ಕಾವ್ಯವನ್ನು ಮರಳಿ ಮುದ್ರಿಸಿದರು. ಅದೇ ವರ್ಷ ಮೇ ತಿಂಗಳಿನಲ್ಲಿ ನಾಗರತ್ನಮ್ಮ ತೀರಿಕೊಂಡರು.

ಕಾನೂನು ಬಿಟ್ಟುಕೊಟ್ಟ ಮೇಲೂ ಕತೆ ಮುಗಿಯಲಿಲ್ಲ ಎಂಬುದು ಇನ್ನೂ ವಿಚಿತ್ರ. ಸೂಸಿ ತಾರು ಮತ್ತು ಕೆ. ಲಲಿತಾ ಭಾರತದ ಮಹಿಳೆಯರ ಬರವಣಿಗೆಯನ್ನು ಸಂಗ್ರಹಿಸಿ 1991ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಸಂಪುಟವೊಂದನ್ನು ಹೊರತಂದರು. ಮುದ್ದುಪಳನಿಯ ಕಾವ್ಯಕ್ಕಾಗಿ ಅವರು ಹುಡುಕುವಾಗ, ಅದು ಅಶ್ಲೀಲ ಎಂಬ ಮಾತು ಹೇಳುವವರು ಸಿಕ್ಕರೇ ಹೊರತು ಓದಿದವರು ಸಿಗುವುದು ಕಷ್ಟವಾಯಿತಂತೆ. ಪುಸ್ತಕವನ್ನು ಬಿಡುಗಡೆ ಮಾಡಬಹುದು, ಅದರ ಮೇಲೆ ಬಂದ ಅಪವಾದವನ್ನು ಬಿಡಿಸುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಒಮ್ಮೆ ಹೆಣ್ಣಿನ ಮೇಲೆ ಬಂದ ಮಾತಿನ ಹಾಗೆಯೇ.

ಇದೆಲ್ಲ ಹಳೆಯ ಕಾಲದ್ದು ಎನ್ನುವಿರಾ? ಪೆರುಮಾಳ್ ಮುರುಗನ್ ಅವರ ತಮಿಳು ಕಾದಂಬರಿ 'ಮಾದೊರುಬಾಗನ್' ಬಂದದ್ದು 2010ರಲ್ಲಿ. ಮಕ್ಕಳಿಲ್ಲದ ದಂಪತಿಯ ಸಂಕಟದ ಕತೆ. ನಾಲ್ಕು ವರ್ಷ ಯಾರೂ ಏನೂ ಅನ್ನಲಿಲ್ಲ. 2014ರ ಕೊನೆಗೆ ಅವರ ಊರಿನ ಕಡೆಯೇ ಪ್ರತಿಭಟನೆ ಎದ್ದಿತು. 2015ರ ಜನವರಿಯಲ್ಲಿ ಅಧಿಕಾರಿಗಳ ಸಮ್ಮುಖದಲ್ಲಿ ಶಾಂತಿ ಸಭೆ ಎಂಬುದು ನಡೆದು, ಲೇಖಕರು ಕ್ಷಮೆ ಕೇಳಿ, ಪುಸ್ತಕ ಹಿಂತೆಗೆದುಕೊಳ್ಳುವುದಾಗಿ ಬರೆದುಕೊಡಬೇಕಾಯಿತು. ಲೇಖಕ ಪೆರುಮಾಳ್ ಮುರುಗನ್ ಸತ್ತ ಎಂದು ಅವರೇ ಸಾರಿ ಬರವಣಿಗೆ ನಿಲ್ಲಿಸಿದರು. 2016ರ ಜುಲೈನಲ್ಲಿ ಮದರಾಸು ಉಚ್ಚ ನ್ಯಾಯಾಲಯ ಆ ಸಭೆಯ ಒಪ್ಪಂದಕ್ಕೆ ಬೆಲೆಯಿಲ್ಲವೆಂದು ಹೇಳಿ, ಪುಸ್ತಕ ಇಷ್ಟವಾಗದವರು ಓದದೇ ಇರಬಹುದು, ಲೇಖಕ ಮತ್ತೆ ಬರೆಯಲಿ ಎಂಬರ್ಥದ ತೀರ್ಪು ಕೊಟ್ಟಿತು. ಅವರು ಮತ್ತೆ ಬರೆದರು. ಮುದ್ದುಪಳನಿಯ ಪುಸ್ತಕ ಮೂವತ್ತಾರು ವರ್ಷ ಕಾಯಬೇಕಾದ ಅದೇ ಮದರಾಸಿನಲ್ಲಿ ಈ ತೀರ್ಪು ಬಂದದ್ದು ಎಂಬುದು ನನಗೆ ಸಮಾಧಾನ.

ಆದರೆ ನ್ಯಾಯಾಲಯದ ತನಕ ಹೋಗುವ ಪುಸ್ತಕಗಳು ಎಷ್ಟು? ಬಹುಪಾಲು ಪುಸ್ತಕಗಳು ಮಾಯವಾಗುವುದು ನಮ್ಮಂಥ ಊರಿನ ನಮ್ಮಂಥ ಬೀರುಗಳಿಂದ. ಅಲ್ಲಿ ಪೊಲೀಸರಿಲ್ಲ, ವಕೀಲರಿಲ್ಲ, ಪತ್ರಿಕೆಯಲ್ಲಿ ಸುದ್ದಿಯೂ ಇಲ್ಲ. ಹತ್ತು ನಿಮಿಷದ ಸಭೆ, ಒಂದು ರುಜು, ಬೈಂಡಿಂಗಿನ ಒಂದು ಸುಳ್ಳು. ಕಳೆದುಕೊಂಡವಳು ಯಾರಿಗೂ ದೂರು ಕೊಡುವುದಿಲ್ಲ, ಏಕೆಂದರೆ ಅವಳು ಓದುತ್ತಿದ್ದುದೇ ಕದ್ದು.

ಕದ್ದು ಓದುವುದು ನಮ್ಮ ಜಾತಿಗೆ ಹೊಸದಲ್ಲ. ಬಂಗಾಳದ ರಾಸಸುಂದರಿ ದೇವಿಯ ವಿಷಯ ನಿಮಗೆ ಗೊತ್ತಿರಬಹುದು. 19ನೇ ಶತಮಾನದಲ್ಲಿ, ಹೆಣ್ಣು ಓದಿದರೆ ವಿಧವೆಯಾಗುತ್ತಾಳೆಂದು ಜನ ನಂಬಿದ್ದ ಕಾಲದಲ್ಲಿ, ಆ ಗೃಹಿಣಿ ಚೈತನ್ಯರ ಚರಿತ್ರೆಯ ಪುಸ್ತಕದಿಂದ ಒಂದು ಹಾಳೆ ತೆಗೆದು ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದು ಕಲಿತಳು. ಮುಂದೆ ಬಂಗಾಳಿಯಲ್ಲಿ ಮೊತ್ತಮೊದಲ ಆತ್ಮಕಥೆ ಬರೆದವಳೂ ಅವಳೇ. ನಾಗರತ್ನಮ್ಮನ ನಂಜನಗೂಡಿನದೇ ಹೆಸರು ಹೊತ್ತ ತಿರುಮಲಾಂಬ, ಬಾಲ್ಯದಲ್ಲೇ ವಿಧವೆಯಾದವರು, 1913ರ ಹೊತ್ತಿಗೆ 'ಸತೀ ಹಿತೈಷಿಣೀ' ಗ್ರಂಥಮಾಲೆ ಕಟ್ಟಿ ಕಾದಂಬರಿ ಬರೆದು ಪ್ರಕಟಿಸಿದರು. ಒಂದೇ ಕಾಲದ, ಒಂದೇ ಊರಿನ ಹೆಸರಿನ ಈ ಇಬ್ಬರೂ ಎಷ್ಟು ಬೇರೆ! ಒಬ್ಬರು ಪತಿವ್ರತೆಯರ ಹಿತ ಬಯಸಿ ಬರೆದವರು, ಇನ್ನೊಬ್ಬರು ಗಣಿಕೆಯ ಕಾವ್ಯಕ್ಕಾಗಿ ಹೊಡೆದಾಡಿದವರು. ನಮ್ಮ ಬೀರುವಿನಲ್ಲಿ ಇಬ್ಬರಿಗೂ ಜಾಗವಿರಬೇಡವೇ?

ತಾಯಂದಿರು ಕೇಳುವ ಒಂದು ಪ್ರಶ್ನೆಯಿದೆ: "ಹಾಗಾದ್ರೆ ಎಂಥ ಪುಸ್ತಕಾನ ಬೇಕಾದ್ರೂ ಮಕ್ಕಳ ಕೈಗೆ ಕೊಡೋದಾ?" ನ್ಯಾಯವಾದ ಪ್ರಶ್ನೆಯೇ. ನನ್ನ ಹತ್ತು ವರ್ಷದ ಮಗಳ ಕೈಗೆ ನಾನೂ ಎಲ್ಲವನ್ನೂ ಕೊಟ್ಟಿರಲಿಲ್ಲ. ನನ್ನ ಮಗು ಏನು ಓದಬೇಕೆಂದು ನೋಡಿಕೊಳ್ಳುವುದು ನನ್ನ ಹೊಣೆ. ಆದರೆ ಎದುರುಮನೆಯ ಸೊಸೆ ಏನು ಓದಬೇಕೆಂಬುದು ನನ್ನ ಹೊಣೆಯಲ್ಲ. ನನ್ನ ಮನೆಯಲ್ಲಿ ಬೆಳ್ಳುಳ್ಳಿ ತಿನ್ನುವುದಿಲ್ಲವೆಂದು ಸಂತೆಯಲ್ಲಿ ಬೆಳ್ಳುಳ್ಳಿ ಮಾರಬಾರದೆಂದರೆ ಹೇಗೆ?

ತಿರುವೈಯ್ಯಾರಿನಿಂದ ಬಂದಮೇಲೆ ಟ್ರಂಕು ತೆರೆದು ಆ ಕಾದಂಬರಿಯನ್ನು ಓದಿದೆ. ಇನ್ನೂರು ಚಿಲ್ಲರೆ ಪುಟ. ಮಡಿಸಿದ ಪುಟದಲ್ಲಿ ಇದ್ದದ್ದಿಷ್ಟು: ಹೆಂಡತಿಯೊಬ್ಬಳು ಗಂಡನಿಗೆ ತನಗೂ ಒಂದು ಮನಸ್ಸು, ಒಂದು ಮೈ ಇದೆ ಎಂದು ಹೇಳುತ್ತಾಳೆ. ಉಳಿದ ಪುಟಗಳಲ್ಲೆಲ್ಲ ಅವಳು ಅತ್ತೆಯ ಕಾಯಿಲೆ ನೋಡಿಕೊಳ್ಳುತ್ತಾಳೆ, ಮೈದುನನನ್ನು ಓದಿಸುತ್ತಾಳೆ, ಕೊನೆಗೆ ಮನೆಯ ಮುಂದೆ ಪುಟ್ಟ ಅಂಗಡಿ ಇಡುತ್ತಾಳೆ. ಎಣ್ಣೆ ಗಾಣದ ಓಣಿಯ ಆ ಹುಡುಗಿ ಅರ್ಧಕ್ಕೆ ನಿಂತಿದ್ದಳು. ಅವಳಿಗೆ ಅಂಗಡಿಯ ವಿಷಯ ತಿಳಿಯಲೇ ಇಲ್ಲ. ಅದನ್ನು ಯೋಚಿಸಿದಾಗ ನನಗೆ ಅತ್ತುಬಿಡುವಂತಾಯಿತು.

ಟೀಚರಮ್ಮ ಆಗಲೇ ತೀರಿಕೊಂಡಿದ್ದರು. ಇದ್ದಿದ್ದರೆ ಅವರ ಕೈಗೆ ಪುಸ್ತಕ ಕೊಟ್ಟು "ಪೂರ್ತಿ ಓದಿ ಮೇಡಂ" ಎನ್ನುತ್ತಿದ್ದೆನೇ? ಅಷ್ಟು ಧೈರ್ಯ ನನಗಿತ್ತೆಂದು ಈಗ ಹೇಳಿಕೊಂಡರೆ ಅದೂ ಸುಳ್ಳೇ ಆದೀತು. ಆದರೆ ಸಭೆಯಲ್ಲಿ ಒಂದು ನಿಯಮ ಬರೆಸಿದೆ. ಯಾವ ಪುಸ್ತಕದ ಮೇಲಾದರೂ ತಕರಾರಿದ್ದರೆ, ತಕರಾರು ತಂದವರು ಮೊದಲು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ತಮ್ಮ ಅಭಿಪ್ರಾಯವನ್ನು ಒಂದು ಹಾಳೆಯಲ್ಲಿ ಬರೆದು ರುಜು ಹಾಕಬೇಕು. ಸಮಿತಿಯ ಇನ್ನಿಬ್ಬರಾದರೂ ಪೂರ್ತಿ ಓದಬೇಕು. ಅಲ್ಲಿಯವರೆಗೆ ಪುಸ್ತಕ ಬೀರುವಿನಲ್ಲೇ ಇರಬೇಕು. ಕೇಳಲು ಸಣ್ಣ ನಿಯಮ. ಆದರೆ ತಕರಾರುಗಳಲ್ಲಿ ಮುಕ್ಕಾಲು ಪಾಲು "ಪೂರ್ತಿ ಓದಬೇಕು" ಎಂಬಲ್ಲೇ ಕರಗಿಹೋದವು.

ಹಿಂದಿನ ವರ್ಷ ಒಬ್ಬ ಸದಸ್ಯೆ ಮಾತ್ರ ಹಟ ಹಿಡಿದು ಓದಿದರು. ಓದಿಯೂ ಅವರಿಗೆ ಆ ಪುಸ್ತಕ ಹಿಡಿಸಲಿಲ್ಲ. ಎರಡು ಪುಟ ಬರೆದು ತಂದರು. ಚೆನ್ನಾಗಿಯೇ ಬರೆದಿದ್ದರು. ನಾವು ಆ ಎರಡು ಪುಟವನ್ನು ಪುಸ್ತಕದ ಹಿಂದಿನ ರಟ್ಟಿನ ಒಳಗೆ ಅಂಟಿಸಿ ಪುಸ್ತಕವನ್ನು ಮತ್ತೆ ಬೀರುವಿಗೇ ಇಟ್ಟೆವು. ಆಮೇಲೆ ಅದನ್ನು ಓದಿದವರಲ್ಲಿ ಇಬ್ಬರು ಆಕೆಯ ಮಾತಿಗೆ ಕೆಳಗೆ ಉತ್ತರ ಬರೆದಿದ್ದಾರೆ. ಒಬ್ಬಳು ಒಪ್ಪಿದ್ದಾಳೆ, ಒಬ್ಬಳು ಒಪ್ಪಿಲ್ಲ.

1984ರ ಆ ಕಾದಂಬರಿಯೂ ತನ್ನ ಹಳೆಯ ನಂಬರಿನಲ್ಲೇ, 217ರಲ್ಲಿ, ಬೀರುವಿಗೆ ಮರಳಿದೆ. ಮೊದಲ ಪುಟಕ್ಕೆ ಅಂಟಿಸಿದ ಹಳದಿ ಚೀಟಿಯಲ್ಲಿ ಆ ಹುಡುಗಿಯ ಹೆಸರಿದೆ, ಕೊಟ್ಟ ತಾರೀಖಿದೆ, ಹಿಂತಿರುಗಿಸಿದ ತಾರೀಖಿದೆ. ಅದರ ಕೆಳಗೆ ಹದಿನೈದು ವರ್ಷ ಖಾಲಿ. ಆಮೇಲೆ ಬೇರೆ ಬೇರೆ ಕೈಬರಹದ ಹೆಸರುಗಳು ಮತ್ತೆ ಶುರುವಾಗುತ್ತವೆ.

ಅವಳು ಈಗ ಎಲ್ಲಿದ್ದಾಳೋ, ಮೊಮ್ಮಕ್ಕಳನ್ನು ಆಡಿಸುತ್ತಿರಬಹುದು. ಎಲ್ಲಾದರೂ ಇದನ್ನು ಓದಿದರೆ ನನ್ನದೊಂದು ಮಾತು: ಕ್ಷಮಿಸಮ್ಮ, ಬಹಳ ತಡವಾಯಿತು. ನಿನ್ನ ಪುಸ್ತಕ ಬೈಂಡಿಂಗಿನಿಂದ ಬಂದಿದೆ.